ಗಡಿನಾಡ ಮಂಜೇಶ್ವರ : ಯಾತ್ರಿಕರು ತಿಳಿದಿರಬೇಕಾದ ಕೆಲವು ಸಂಗತಿ

ಸಿದ್ಧಗಂಗೆಯ ಬೆಟ್ಟ ಹತ್ತಿ ದರ್ಶನ ಮುಗಿಸಿದ ಭಕ್ತಾದಿಗಳಲ್ಲಿ ಬಹಳ ಮಂದಿ ಇಲ್ಲಿಂದ ಧರ್ಮಸ್ಥಳ, ಸುಬ್ರಹ್ಮಣ್ಯ, ಮಂಗಳೂರು ಕಡೆಗೆ ಪ್ರಯಾಣ ಬೆಳೆಸುತ್ತಾರೆ. ಮಂಗಳೂರಿನಿಂದ ದಕ್ಷಿಣಕ್ಕೆ ಸುಮಾರು 20 ಕಿ.ಮೀ. ಹೋದರೆ, ತಲಪಾಡಿ ಗಡಿ ದಾಟಿದ ಮೇಲೆ ಕಡಲ ಪಕ್ಕದ ಊರು ಮಂಜೇಶ್ವರ ಸಿಗುತ್ತದೆ. ಕೇರಳ ಬಂತು, ಭಾಷೆ ಬರೋಲ್ಲ ಅಂತ ತಲಪಾಡಿಯಿಂದಲೇ ವಾಪಸ್ ತಿರುಗುವವರಿದ್ದಾರೆ. ಹಾಗೆ ಮಾಡಬೇಡಿ. ಅಲ್ಲಿ ತುಳು, ಕೊಂಕಣಿ, ಮಲಯಾಳ, ಬ್ಯಾರಿ ಜೊತೆಗೆ ಕನ್ನಡವೂ ನಡೆಯುತ್ತೆ.

ಊರಿನ ಹೊಳೆ ಬಹಳ ಚಿಕ್ಕದು. ದಕ್ಷಿಣ ಕನ್ನಡದ ಕಡೆಯ ಬಾಳೆಪುಣಿ ಗುಡ್ಡದಲ್ಲಿ ಹುಟ್ಟಿ ಸುಮಾರು 16 ಕಿ.ಮೀ. ಹರಿದು ಸಮುದ್ರದ ಹಿನ್ನೀರು ಸೇರುತ್ತೆ. ಕೇರಳದ 44 ನದಿಗಳಲ್ಲಿ ಇದೇ ಅತಿ ಕಿರಿದು. ಹೊಳೆಯ ಎರಡೂ ಕಡೆ ತೆಂಗು, ಅಡಿಕೆ. ನಮ್ಮ ಗುಬ್ಬಿಯವರಿಗೆ ಹೊಸದೇನಲ್ಲ. ಹೊಸದು ಅಲ್ಲಿಯ ನೀರಿನ ಉಪಾಯ. ಮುರಕಲ್ಲಿನ ಗುಡ್ಡಕ್ಕೆ ಆಳು ನುಗ್ಗುವಷ್ಟು ಅಗಲದಲ್ಲಿ ಅಡ್ಡಲಾಗಿ ಬಿಲ ಕೊರೆಯುತ್ತಾರೆ. ಇದಕ್ಕೆ ಸುರಂಗ ಅಂತಲೇ ಹೆಸರು. ಒಳಗೆ ಜಿನುಗುವ ನೀರು ಇಳಿಜಾರಿನಲ್ಲಿ ತಾನಾಗಿ ಹೊರಬಂದು ತೊಟ್ಟಿಗೆ ಬೀಳುತ್ತೆ. ಮೋಟಾರಿಲ್ಲ, ಕರೆಂಟಿಲ್ಲ. ನಮ್ಮ ಬೆಟ್ಟದ ಗವಿಯಲ್ಲಿ ಗಂಗೆಯ ತೀರ್ಥ ಕಂಡವರಿಗೆ ಇದು ಬೇಗ ಅರ್ಥವಾದೀತು. ಬೋರ್‌ವೆಲ್ ಬಂದ ಮೇಲೆ ಸುರಂಗ ತೋಡುವವರು ಅಲ್ಲಿಯೂ ಕಡಿಮೆಯಾದರು.

ರಾಷ್ಟ್ರಕವಿ ಗೋವಿಂದ ಪೈಗಳು 1883ರಲ್ಲಿ ಹುಟ್ಟಿದ್ದು ಮಂಜೇಶ್ವರದಲ್ಲಿ. 1949ರಲ್ಲಿ ಆ ಬಿರುದು ಕೊಟ್ಟಿದ್ದು ಮದ್ರಾಸ್ ಸರ್ಕಾರ, ಊರು ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಪೈಗಳು ಮನೆ ಬದಲಿಸಲಿಲ್ಲ, ಮನೆಯ ರಾಜ್ಯವೇ ಬದಲಾಯಿತು! 1963ರಲ್ಲಿ ಅವರು ತೀರಿಕೊಂಡರು. ಮಹಾಜನ ಆಯೋಗ 1967ರಲ್ಲಿ, ಚಂದ್ರಗಿರಿ ಹೊಳೆಯಿಂದ ಉತ್ತರದ ಪ್ರದೇಶ ಮೈಸೂರು ರಾಜ್ಯಕ್ಕೆ ಸೇರಲಿ ಅಂತ ಹೇಳಿತು. ಮಂಜೇಶ್ವರವೂ ಅದರೊಳಗೇ ಬರುತ್ತೆ. ವರದಿ ಜಾರಿಯಾಗಲಿಲ್ಲ.

ರಾಜಕೀಯದವರ ಲೆಕ್ಕ ಅವರಿಗೆ. ತೊಂದರೆ ಬಂದಿದ್ದು ಮಕ್ಕಳಿಗೆ. ಮನೆಯಲ್ಲಿ ತುಳುವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಕಚೇರಿ ಅರ್ಜಿ ನೋಡಿದರೆ ಮಲಯಾಳ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡಿದಾಗ ಕಾಸರಗೋಡಿನ ಕನ್ನಡಿಗರು ಪ್ರತಿಭಟಿಸಿದ್ದು ಇದಕ್ಕೇ. ಕನ್ನಡ ಮಾಧ್ಯಮದ ಶಾಲೆಗಳು ಅಲ್ಲಿ ಈಗಲೂ ಇವೆ, ಗೋವಿಂದ ಪೈಗಳ ಹೆಸರಿನ ಸರ್ಕಾರಿ ಕಾಲೇಜೂ ಇದೆ. ಆದ್ದರಿಂದ ಅಂಗಡಿಯಲ್ಲಿ, ಆಟೋದಲ್ಲಿ ಮೊದಲು ಕನ್ನಡದಲ್ಲೇ ಕೇಳಿ. ಇಂಗ್ಲಿಷ್ ಬೇಡ.

ನೋಡುವುದಕ್ಕೆ ಅನಂತೇಶ್ವರ ದೇವಸ್ಥಾನ, ಬಂಗ್ರಮಂಜೇಶ್ವರದ ಜೈನ ಬಸದಿ, ಗೋವಿಂದ ಪೈಗಳ ಮನೆಯ ಜಾಗದಲ್ಲಿರುವ ಗಿಳಿವಿಂಡು ಸ್ಮಾರಕ ಇವೆ. ಪಕ್ಕದ ಉದ್ಯಾವರದಲ್ಲಿ ಒಂದು ಸಂಪ್ರದಾಯವಿದೆ. ಅರಸು ದೈವಗಳ ಜಾತ್ರೆಗೆ ಮೊದಲು ಶುಕ್ರವಾರ ದೈವಪಾತ್ರಿಗಳೇ ಮಸೀದಿಗೆ ಹೋಗಿ ಜಮಾತಿನವರನ್ನು ಕರೆದು ಬರುತ್ತಾರೆ. ಅನಂತೇಶ್ವರನ ದೊಡ್ಡ ಉತ್ಸವ ಮಾರ್ಗಶಿರ ಶುದ್ಧ ಷಷ್ಠಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಭಾರಿ ಮಳೆ, ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಆ ತಿಂಗಳು ಬಿಟ್ಟು ಹೊರಡುವುದು ಒಳ್ಳೆಯದು.