ಪೈಲಟ್ ಆಗಲು ಏನೇನು ಕಲಿಯಬೇಕು?

ಮಕ್ಕಳೇ, ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಬರುವ ವಿಮಾನವನ್ನು ಗುಡಗೇರಿಯ ಹೊಲಗಳಿಂದ ನೀವು ನೋಡಿರಬಹುದು. ಅದನ್ನು ನಡೆಸುವ ಪೈಲಟ್ ಹೇಗೆ ಕಲಿಯುತ್ತಾರೆ ಗೊತ್ತೇ?

ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇದೆ. ಇಂಥ ಶಾಲೆಗಳ ಚಿಕ್ಕ ವಿಮಾನದಲ್ಲಿ ವಿದ್ಯಾರ್ಥಿ ಮತ್ತು ಶಿಕ್ಷಕರು ಅಕ್ಕಪಕ್ಕ ಕೂರುತ್ತಾರೆ. ಇಬ್ಬರ ಮುಂದೆಯೂ ಚಾಲನೆಯ ಹಿಡಿಕೆ ಇರುತ್ತದೆ. ವಿದ್ಯಾರ್ಥಿ ತಪ್ಪಿದರೆ ಶಿಕ್ಷಕರು ತಕ್ಷಣ ಸರಿಪಡಿಸುತ್ತಾರೆ.

ವಿಮಾನದ ಮೂಗನ್ನು ಅತಿಯಾಗಿ ಎತ್ತಿದರೆ ರೆಕ್ಕೆಯ ಮೇಲೆ ಗಾಳಿಯ ಹರಿವು ಕೆಡುತ್ತದೆ. ಎತ್ತುವ ಬಲ ಕುಸಿದು ವಿಮಾನ ಇಳಿಯತೊಡಗುತ್ತದೆ. ಇದೇ ‘ಸ್ಟಾಲ್’. ಆಗ ಗಾಬರಿಯಾಗಿ ಮೂಗನ್ನು ಇನ್ನಷ್ಟು ಎತ್ತಬಾರದು, ತಗ್ಗಿಸಬೇಕು! ಇದನ್ನು ಸಾಕಷ್ಟು ಎತ್ತರದಲ್ಲಿ ಬೇಕೆಂದೇ ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ. ಎಂಜಿನ್ ಶಕ್ತಿ ತಗ್ಗಿಸಿ, “ಎಂಜಿನ್ ಕೆಟ್ಟಿದೆ ಎಂದುಕೋ. ಎಲ್ಲಿ ಇಳಿಸುವೆ?” ಎಂದೂ ಕೇಳುತ್ತಾರೆ. ಮಳೆಯಲ್ಲಿ ನೆನೆದ ಎರೆಹೊಲವಾದರೆ ಗಾಲಿ ಹೂತುಹೋದೀತು, ಅಲ್ಲವೇ?

ವಿದ್ಯಾರ್ಥಿ ಸಿದ್ಧ ಎಂದು ಖಚಿತವಾದ ದಿನ ಶಿಕ್ಷಕರು ವಿಮಾನದಿಂದ ಇಳಿದುಬಿಡುತ್ತಾರೆ. ವಿದ್ಯಾರ್ಥಿ ಒಂಟಿಯಾಗಿ ಹಾರಿ, ಸುತ್ತು ಹಾಕಿ, ಇಳಿಸಬೇಕು. ಇದು ಮೊದಲ ‘ಸೋಲೊ’.

ನಮ್ಮ ದೇಶದಲ್ಲಿ ವಾಣಿಜ್ಯ ಪೈಲಟ್ ಪರವಾನಗಿಗೆ 18 ವರ್ಷ ತುಂಬಿರಬೇಕು, ಕನಿಷ್ಠ 200 ಗಂಟೆ ಹಾರಿರಬೇಕು. ಹವಾಮಾನ, ದಾರಿ ಗುರುತಿಸುವಿಕೆ, ನಿಯಮಗಳು ಮುಂತಾದ ವಿಷಯಗಳ ಲಿಖಿತ ಪರೀಕ್ಷೆಗಳಲ್ಲಿ ಶೇಕಡಾ 70 ಅಂಕ ಬೇಕು. ಹಾರಾಟದ ಪರೀಕ್ಷೆಯೂ ಇದೆ. ಅಲ್ಲಿ ಸಾಹಸಕ್ಕೆ ಬೆಲೆಯಿಲ್ಲ. ತಪಾಸಣಾ ಪಟ್ಟಿಯನ್ನು ಬಾಯಿಪಾಠವಿದ್ದರೂ ಓದಿ ನೋಡುವವರು, ದಾರಿಯಲ್ಲಿ ಹವಾಮಾನ ಕೆಟ್ಟರೆ ಹಿಂದಿರುಗುವವರು ಒಳ್ಳೆಯ ಪೈಲಟ್‌ಗಳು.

ಮಾಡಿ ನೋಡಿ: ಕಾಗದದ ವಿಮಾನದ ಹಿಂದಿನ ಅಂಚುಗಳನ್ನು ಹೆಚ್ಚು ಮೇಲಕ್ಕೆ ಮಡಿಸಿ ಎಸೆಯಿರಿ. ಮೂಗೆತ್ತಿ, ನಿಂತಂತಾಗಿ ಬೀಳುತ್ತದೆಯೇ? ಮಡಿಕೆ ಕಡಿಮೆ ಮಾಡಿ ಮತ್ತೆ ಎಸೆಯಿರಿ. ಏನು ವ್ಯತ್ಯಾಸ ಕಂಡಿತು?