ದಣಿವನ್ನು ಬಾಯಿಬಿಟ್ಟು ಹೇಳಿ: ಕಾಕ್‌ಪಿಟ್ ಕಲಿಸಿದ ಆರು ಪಾಠಗಳು

ಎಂಜಿನ್ ಕೆಟ್ಟರೆ ಕಾಕ್‌ಪಿಟ್‌ನಲ್ಲಿ ಕೆಂಪು ದೀಪ ಹೊತ್ತಿಕೊಳ್ಳುತ್ತದೆ, ಗಂಟೆ ಬಾರಿಸುತ್ತದೆ. ಏನು ಮಾಡಬೇಕೆಂದು ಸಿಮ್ಯುಲೇಟರ್‌ನಲ್ಲಿ ಪದೇ ಪದೇ ಕಲಿಸಿರುತ್ತಾರೆ. ಪೈಲಟ್ ದಣಿದರೆ ಯಾವ ದೀಪವೂ ಹೊತ್ತಿಕೊಳ್ಳುವುದಿಲ್ಲ. ವರ್ಷಗಟ್ಟಲೆ ರಾತ್ರಿ ವಿಮಾನ ಹಾರಿಸಿ, ಆಮೇಲೆ ಕಿರಿಯರಿಗೆ ತರಬೇತಿ ಕೊಡುತ್ತಾ ನನಗೆ ಮನದಟ್ಟಾದ ಸಂಗತಿ ಒಂದೇ: ದಣಿವನ್ನೂ ಗಮನಭಂಗವನ್ನೂ ಹಟದಿಂದ ಗೆಲ್ಲಲು ಆಗದು. ಬಾಯಿಬಿಟ್ಟು ಹೇಳುವುದರಿಂದ, ಬಿಗಿಯಾದ ಅಭ್ಯಾಸದಿಂದ ಮಾತ್ರ ನಿಭಾಯಿಸಬಹುದು.

1. ದಣಿದವರಿಗೆ ತಮ್ಮ ದಣಿವು ಕಾಣುವುದಿಲ್ಲ

ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ದೇಹ ನಿದ್ದೆ ಬೇಡುತ್ತದೆ. ಎಷ್ಟು ಅನುಭವವಿದ್ದರೂ ಇದರಿಂದ ಯಾರಿಗೂ ವಿನಾಯಿತಿ ಇಲ್ಲ. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇ 0.05ರಷ್ಟು ಮದ್ಯಾಂಶ ಇರುವವರ ಮಟ್ಟಕ್ಕೆ ಕುಸಿಯುತ್ತದೆ ಎಂದು 1997ರಲ್ಲೇ ಸಂಶೋಧಕರು ತೋರಿಸಿದ್ದಾರೆ. ಆದರೂ ಕೇಳಿದರೆ ‘ನಾನು ಆರಾಮಾಗಿದ್ದೇನೆ’ ಎಂದೇ ಉತ್ತರ ಬರುತ್ತದೆ. ಹಾಗಾಗಿ ಕೇಳುವುದಕ್ಕಿಂತ ಗಮನಿಸುವುದೇ ಮೇಲು. ಈಗಷ್ಟೇ ಬರೆದುಕೊಂಡ ಫ್ರೀಕ್ವೆನ್ಸಿಯನ್ನು ಮತ್ತೆ ಕೇಳುವುದು, ಚೆಕ್‌ಲಿಸ್ಟ್‌ನ ಒಂದೇ ಸಾಲನ್ನು ಎರಡು ಸಲ ಓದುವುದು, ಹೊಸ ಎತ್ತರವನ್ನು ಸೆಟ್ ಮಾಡಿ ಅದನ್ನು ಗಟ್ಟಿಯಾಗಿ ಹೇಳದೆ ಬಿಡುವುದು. ಇಂಥವು ಎರಡು ಕಂಡರೂ ಸಾಕು, ಪಕ್ಕದವರು ದಣಿದಿದ್ದಾರೆ ಎಂದೇ ಲೆಕ್ಕ.

2. ನಿದ್ದೆಗಿಂತ, ನಿದ್ದೆಯಿಂದ ಎದ್ದ ಗಳಿಗೆ ಅಪಾಯಕಾರಿ

2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ತೀರಿಕೊಂಡರು, ಎಂಟು ಜನ ಬದುಕಿದರು. ಹಿಂದಿನ ರಾತ್ರಿ ಮಂಗಳೂರಿನಿಂದ ದುಬೈಗೆ ಹೋದ ಸಿಬ್ಬಂದಿಯೇ ವಾಪಸು ಬರುತ್ತಿದ್ದರು. ಕಾಕ್‌ಪಿಟ್ ಧ್ವನಿಮುದ್ರಿಕೆಯಲ್ಲಿ ಕ್ಯಾಪ್ಟನ್‌ನ ಗೊರಕೆ ಬಹಳ ಹೊತ್ತು ದಾಖಲಾಗಿತ್ತು. ಗಾಢ ನಿದ್ದೆಯಿಂದ ಎದ್ದ ಮಬ್ಬು ಅವರ ನಿರ್ಧಾರಗಳ ಮೇಲೆ ಪರಿಣಾಮ ಬೀರಿರಬಹುದೆಂದು ತನಿಖೆ ಹೇಳಿತು.

ಕಾಕ್‌ಪಿಟ್‌ನಲ್ಲಿ ಸರದಿ ಪ್ರಕಾರ ಸಣ್ಣ ವಿಶ್ರಾಂತಿ ಪಡೆಯುವುದಕ್ಕೆ ಒಂದು ಕ್ರಮವಿದೆ. ಮೊದಲೇ ಇಬ್ಬರೂ ಮಾತಾಡಿಕೊಂಡಿರಬೇಕು, ನಲವತ್ತು ನಿಮಿಷ ಮೀರಬಾರದು, ವಿಮಾನ ಕೆಳಗಿಳಿಯಲು ಶುರುಮಾಡುವ ಅರ್ಧ ಗಂಟೆ ಮೊದಲೇ ಎದ್ದಿರಬೇಕು. ಎದ್ದ ಕೂಡಲೇ ಕಂಟ್ರೋಲ್ ಹಿಡಿಯಕೂಡದು. ನೀರು ಕುಡಿದು, ದೀಪದ ಬೆಳಕು ಹೆಚ್ಚಿಸಿ, ಪರಿಸ್ಥಿತಿಯನ್ನು ಪೂರ್ತಿ ಕೇಳಿ ತಿಳಿದುಕೊಂಡ ಮೇಲೆ ಕೆಲಸ.

3. ಏನೇ ಆಗಲಿ, ಒಬ್ಬರು ವಿಮಾನ ಹಾರಿಸುತ್ತಲೇ ಇರಬೇಕು

1972ರ ಡಿಸೆಂಬರ್ 29ರಂದು ಈಸ್ಟರ್ನ್ ಏರ್‌ಲೈನ್ಸ್‌ನ 401ನೇ ವಿಮಾನ ಮಿಯಾಮಿ ಸಮೀಪ 2,000 ಅಡಿ ಎತ್ತರದಲ್ಲಿ ಹಾರುತ್ತಿತ್ತು. ಮುಂಚಕ್ರ ಇಳಿದಿದೆ ಎಂದು ತೋರಿಸುವ ದೀಪ ಹೊತ್ತಲಿಲ್ಲ. ಕಾಕ್‌ಪಿಟ್‌ನಲ್ಲಿದ್ದವರೆಲ್ಲರ ಗಮನ ಆ ಬಲ್ಬಿನ ಕಡೆಗೇ ಹೋಯಿತು. ಆ ಗಡಿಬಿಡಿಯಲ್ಲಿ ಎತ್ತರ ಕಾಯ್ದುಕೊಳ್ಳುವ ಆಟೊಪೈಲಟ್ ವ್ಯವಸ್ಥೆ ಕಳಚಿಕೊಂಡದ್ದು ಯಾರಿಗೂ ಗೊತ್ತಾಗಲಿಲ್ಲ. ವಿಮಾನ ನಿಧಾನವಾಗಿ ಇಳಿದು ಎವರ್‌ಗ್ಲೇಡ್ಸ್ ಜೌಗಿಗೆ ಅಪ್ಪಳಿಸಿತು. 101 ಜನ ಸತ್ತರು. ಚಕ್ರ ಸರಿಯಾಗಿಯೇ ಇಳಿದಿತ್ತು, ಕೆಟ್ಟಿದ್ದದ್ದು ಬಲ್ಬು ಮಾತ್ರ.

ಆದ್ದರಿಂದ ಸಮಸ್ಯೆ ಎದುರಾದಾಗ ಮೊದಲ ಮಾತು ‘ಹಾರಿಸುತ್ತಿರುವವರು ಯಾರು?’ ಎಂಬುದೇ ಆಗಬೇಕು. ಅದಕ್ಕೆ ಗಟ್ಟಿಯಾಗಿ ಉತ್ತರ ಬಂದ ಮೇಲೆ ಉಳಿದವರು ಕೈಪಿಡಿ ತೆರೆಯಲಿ.

4. ಹತ್ತು ಸಾವಿರ ಅಡಿಯ ಕೆಳಗೆ ಹರಟೆ ಬೇಡ

1974ರಲ್ಲಿ ಅಮೆರಿಕದ ಷಾರ್ಲಟ್ ಬಳಿ ಒಂದು ವಿಮಾನ ಇಳಿಯುವ ಹಂತದಲ್ಲಿ ಬಿತ್ತು. ಪೈಲಟ್‌ಗಳು ಅದಕ್ಕೆ ಸ್ವಲ್ಪ ಮೊದಲು ರಾಜಕೀಯ, ಹಳೇ ಕಾರುಗಳ ಬಗ್ಗೆ ಮಾತಾಡುತ್ತಿದ್ದರು. ಇಂಥ ಅಪಘಾತಗಳ ನಂತರ ಅಮೆರಿಕ 1981ರಲ್ಲಿ, 10,000 ಅಡಿಯ ಕೆಳಗೆ ಹಾರಾಟಕ್ಕೆ ಸಂಬಂಧಪಡದ ಮಾತು ಕೂಡದೆಂಬ ನಿಯಮ ತಂದಿತು. ಈ ಶಿಸ್ತು ಈಗ ಜಗತ್ತಿನ ಎಲ್ಲೆಡೆ ಇದೆ. ಇದರ ಜೊತೆಗೆ ನಾನು ಕಲಿಸುವ ಇನ್ನೊಂದು ಅಭ್ಯಾಸ: ಚೆಕ್‌ಲಿಸ್ಟ್ ಓದುವಾಗ ನಡುವೆ ಯಾರಾದರೂ ಮಾತಾಡಿಸಿದರೆ, ನಿಂತಲ್ಲಿಂದ ಮುಂದುವರಿಸಬೇಡಿ. ಮೊದಲ ಸಾಲಿನಿಂದ ಮತ್ತೆ ಓದಿ.

5. ‘ಗೋ ಅರೌಂಡ್’ ಎಂಬ ಮಾತಿಗೆ ವಾದವಿಲ್ಲ

ಮಂಗಳೂರಿನಲ್ಲಿ ವಿಮಾನ ಇರಬೇಕಾದದ್ದಕ್ಕಿಂತ ತೀರಾ ಎತ್ತರದಲ್ಲಿತ್ತು, ವೇಗವೂ ಜಾಸ್ತಿಯಿತ್ತು. ಸಹ ಪೈಲಟ್ ಮೂರು ಸಲ ‘ಗೋ ಅರೌಂಡ್’, ಅಂದರೆ ಇಳಿಯದೆ ಮತ್ತೆ ಮೇಲೇರಿ ಎಂದು ಹೇಳಿದ್ದರು. 8,033 ಅಡಿ ಉದ್ದದ ರನ್‌ವೇಯಲ್ಲಿ ಚಕ್ರಗಳು ನೆಲ ಮುಟ್ಟಿದ್ದು ಸುಮಾರು 5,200 ಅಡಿ ಕಳೆದ ಮೇಲೆ. ಆ ಎಚ್ಚರಿಕೆಗೆ ಬೆಲೆ ಸಿಕ್ಕಿದ್ದರೆ ವಿಮಾನ ಮತ್ತೆ ಮೇಲೇರಿ, ಒಂದು ಸುತ್ತು ಹಾಕಿ ಕ್ಷೇಮವಾಗಿ ಇಳಿಯಬಹುದಿತ್ತು.

ಇಬ್ಬರಲ್ಲಿ ಯಾರು ಹೇಳಿದರೂ ತಕ್ಷಣ ಮೇಲಕ್ಕೆ ಹೋಗಬೇಕು. ಸರಿ ತಪ್ಪಿನ ಚರ್ಚೆ ನೆಲ ಮುಟ್ಟಿದ ಮೇಲೆ. ಕ್ಯಾಪ್ಟನ್ ಆದವರು ಹೊರಡುವ ಮುನ್ನವೇ ಸಹ ಪೈಲಟ್‌ಗೆ ಇದನ್ನು ಬಾಯಿಬಿಟ್ಟು ಹೇಳಬೇಕು. ಇಪ್ಪತ್ತೈದರ ತರುಣ ಐವತ್ತೈದರ ಹಿರಿಯರಿಗೆ ಎದುರಾಡಲು ನಮ್ಮ ಸಂಸ್ಕಾರ ಸುಲಭಕ್ಕೆ ಬಿಡುವುದಿಲ್ಲ. ಆ ಅನುಮತಿಯನ್ನು ಹಿರಿಯರೇ ಮೊದಲು ಕೊಡಬೇಕು.

6. ವಿಶ್ರಾಂತಿಯೂ ಡ್ಯೂಟಿಯೇ

ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ಹೊಸ ನಿಯಮಗಳು ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿವೆ, ರಾತ್ರಿಯ ಲ್ಯಾಂಡಿಂಗ್‌ಗಳನ್ನು ಆರರಿಂದ ಎರಡಕ್ಕೆ ಇಳಿಸಿವೆ. 2025ರ ನವೆಂಬರ್‌ನಲ್ಲಿ ಇವು ಪೂರ್ತಿ ಜಾರಿಯಾದವು. ಮರು ತಿಂಗಳೇ ಇಂಡಿಗೊದ ಸಾವಿರಾರು ವಿಮಾನಗಳು ರದ್ದಾದವು, ರಾತ್ರಿ ಪಾಳಿಯ ಕೆಲವು ನಿಯಮಗಳಿಗೆ ತಾತ್ಕಾಲಿಕ ವಿನಾಯಿತಿ ಕೊಡಲಾಯಿತು. ಪ್ರಯಾಣಿಕರ ಕಷ್ಟ ನಿಜವಾದದ್ದೇ. ಆದರೆ ಪೈಲಟ್‌ಗಳ ಕೊರತೆಯನ್ನು ಅವರ ನಿದ್ದೆಯಿಂದ ತುಂಬಿಸುವುದು ಪರಿಹಾರವಲ್ಲ. ಪೈಲಟ್ ಕೂಡ ವಿಶ್ರಾಂತಿಯ ಹೊತ್ತನ್ನು ಮದುವೆ, ಗೃಹಪ್ರವೇಶಗಳಿಗೆ ಕೊಟ್ಟು ರಾತ್ರಿ ಡ್ಯೂಟಿಗೆ ಬರಬಾರದು.

ವಿಮಾನ ಸಂಸ್ಥೆಗಳನ್ನು ಕೇಳಿಕೊಳ್ಳುವುದು ಇಷ್ಟೇ: ‘ಇಂದು ನನ್ನಿಂದಾಗದು’ ಎನ್ನುವ ಪೈಲಟ್‌ನ ಸಂಬಳ ಕಡಿಯಬೇಡಿ, ಅವರನ್ನು ಅನುಮಾನದಿಂದ ನೋಡಬೇಡಿ. ಪ್ರಯಾಣಿಕರಿಗೂ ಒಂದು ಮಾತು. ಸಿಬ್ಬಂದಿಯ ಡ್ಯೂಟಿ ಅವಧಿ ಮುಗಿಯಿತೆಂದು ವಿಮಾನ ತಡವಾದರೆ, ಇಳಿಯಬೇಕಾದದ್ದು ಮತ್ತೆ ಮೇಲೇರಿದರೆ, ದಯವಿಟ್ಟು ರೇಗಬೇಡಿ. ನಿಮ್ಮನ್ನು ಕ್ಷೇಮವಾಗಿ ಮನೆ ಮುಟ್ಟಿಸಲು ಬೇಕಾದ ನಿರ್ಧಾರವನ್ನೇ ಅವರು ತೆಗೆದುಕೊಂಡಿರುತ್ತಾರೆ.