ರೈಲು ಮತ್ತು ನಾಮಫಲಕ: ನಗರ ಸಾರಿಗೆಯಿಂದ ಒಂದು ಪಾಠ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಹಳೆಯ ನೆನಪುಗಳನ್ನು ಬರೆಯುವವರು ಹಲವರಿರುವುದರಿಂದ, ನಾನು ನನ್ನ ಹಳೆಯ ಅಭ್ಯಾಸದಂತೆ ಒಂದು ಪಾಠವನ್ನೇ ಬರೆಯಲು ನಿಶ್ಚಯಿಸಿದೆ. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ ಉಪಾಧ್ಯಾಯ ವೃತ್ತಿಗೆ ಬಂದ ನಾನು ಎಂಜಿನಿಯರನಲ್ಲ. ಆದರೂ ಹೊಸೂರು ಸೀಮೆಯ ನಮ್ಮ ಎಷ್ಟೋ ಮನೆಗಳ ಮಕ್ಕಳು ದಿನವೂ ಬೆಂಗಳೂರಿಗೆ ದುಡಿಯಲು ಹೋಗಿಬರುವ ಈ ಕಾಲದಲ್ಲಿ, ಮೆಟ್ರೋ ರೈಲನ್ನು ಹೇಗೆ ಯೋಜಿಸುತ್ತಾರೆ, ಪ್ರಯಾಣಿಕನಿಗೆ ದಾರಿಯನ್ನು ಹೇಗೆ ತಿಳಿಸುತ್ತಾರೆ ಎಂಬುದು ಎಲ್ಲರೂ ಅರಿತಿರಬೇಕಾದ ವಿಷಯವೆಂದು ಭಾವಿಸಿದ್ದೇನೆ.

1. ಕಿಟಕಿಯಿಲ್ಲದ ಗಾಡಿ

ಜಗತ್ತಿನ ಮೊದಲ ನೆಲದಡಿಯ ರೈಲು 1863ರಲ್ಲಿ ಲಂಡನ್ನಿನಲ್ಲಿ ಓಡಿತು. ಅದು ಉಗಿಬಂಡಿ. ಆಳವಾದ ಸುರಂಗದಲ್ಲಿ ವಿದ್ಯುತ್ತಿನಿಂದ ಓಡುವ ರೈಲು ಅದೇ ನಗರದಲ್ಲಿ 1890ರಲ್ಲಿ ಬಂದಿತು. ಅದನ್ನು ರೂಪಿಸಿದವರು ಒಂದು ತರ್ಕ ಮಾಡಿದರು: ಸುರಂಗದಲ್ಲಿ ನೋಡುವುದಕ್ಕೆ ಏನೂ ಇಲ್ಲವಾದ ಮೇಲೆ ಕಿಟಕಿ ಏತಕ್ಕೆ? ಹೀಗಾಗಿ ಎತ್ತರದ ಮೆತ್ತೆಯ ಆಸನಗಳನ್ನು ಹಾಕಿ, ಅವುಗಳ ಮೇಲೆ ಕಿರಿದಾದ ಗಾಜಿನ ಪಟ್ಟಿಗಳನ್ನಷ್ಟೇ ಇರಿಸಿದರು. ಕುಳಿತವನಿಗೆ ನಿಲ್ದಾಣದ ಹೆಸರೂ ಕಾಣುತ್ತಿರಲಿಲ್ಲ. ಗಾಡಿಯ ಬಾಗಿಲಲ್ಲಿ ನಿಂತ ನೌಕರನು ಪ್ರತಿಯೊಂದು ನಿಲ್ದಾಣದ ಹೆಸರನ್ನೂ ಕೂಗಿ ಹೇಳಬೇಕಾಗಿತ್ತು. ಜನರು ಆ ಗಾಡಿಗಳನ್ನು ಹುಚ್ಚಾಸ್ಪತ್ರೆಯ ಮೆತ್ತೆಗೋಡೆಯ ಕೋಣೆಗಳೆಂದು ಹಾಸ್ಯ ಮಾಡಿದರು. ಮುಂದೆ ಬಂದ ಗಾಡಿಗಳಲ್ಲಿ ಸರಿಯಾದ ಕಿಟಕಿಗಳು ಬಂದವು.

ಈ ಪ್ರಸಂಗದ ನೀತಿ ಸ್ಪಷ್ಟ. ತಾನು ಎಲ್ಲಿದ್ದೇನೆ ಎಂಬುದು ತಿಳಿಯದಿದ್ದರೆ, ಎಷ್ಟು ವೇಗದ ರೈಲಿನಲ್ಲಿ ಕುಳಿತರೂ ಮನುಷ್ಯನಿಗೆ ನೆಮ್ಮದಿಯಿಲ್ಲ. ಆದ್ದರಿಂದ ಚಕ್ರ, ಬಾಗಿಲು, ಬ್ರೇಕುಗಳಂತೆ ಮಾಹಿತಿಯೂ ರೈಲಿನ ಒಂದು ಅಂಗ.

2. ರೈಲುಗಳ ಲೆಕ್ಕ

ಹೊಸ ಮಾರ್ಗಕ್ಕೆ ಎಷ್ಟು ರೈಲು ಬೇಕು? ಇದು ನಮ್ಮ ಏಳನೆಯ ತರಗತಿಯ ಲೆಕ್ಕವೇ. ರೈಲೊಂದು ಒಂದು ತುದಿಯಿಂದ ಹೊರಟು, ಇನ್ನೊಂದು ತುದಿ ಮುಟ್ಟಿ, ತಿರುಗಿ ಬಂದು ಮತ್ತೆ ಹೊರಡಲು ಸಿದ್ಧವಾಗುವ ಸಮಯವನ್ನು ರೈಲುಗಳ ಸಂಖ್ಯೆಯಿಂದ ಭಾಗಿಸಿದರೆ, ಎರಡು ರೈಲುಗಳ ನಡುವಿನ ಅಂತರ ಸಿಗುತ್ತದೆ.

ಬೆಂಗಳೂರಿನ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗವನ್ನೇ ನೋಡೋಣ. ಸುಮಾರು 19 ಕಿ.ಮೀ. ಉದ್ದದ, 16 ನಿಲ್ದಾಣಗಳ ಈ ಎತ್ತರಿಸಿದ ಮಾರ್ಗದಲ್ಲಿ 2025ರ ಆಗಸ್ಟ್‌ನಲ್ಲಿ ಸಂಚಾರ ಆರಂಭವಾಯಿತು. ಆಗ ಇದ್ದುದು ಮೂರೇ ರೈಲು. 25 ನಿಮಿಷಕ್ಕೊಂದು ಓಡುತ್ತಿತ್ತು. ಮೂರನ್ನು 25ರಿಂದ ಗುಣಿಸಿದರೆ 75 ನಿಮಿಷ. ಅದೇ ಒಂದು ಸುತ್ತಿನ ಸಮಯ. ನಾಲ್ಕನೆಯ ರೈಲು ಬಂದಾಗ ಅಂತರ 19 ನಿಮಿಷಕ್ಕೆ, ಐದನೆಯದು ಬಂದಾಗ 15 ನಿಮಿಷಕ್ಕೆ ಇಳಿಯಿತು. 75ನ್ನು 4ರಿಂದ, 5ರಿಂದ ಭಾಗಿಸಿ ನೋಡಿದರೆ ಲೆಕ್ಕ ತಾಳೆಯಾಗುತ್ತದೆ. ಐದು ನಿಮಿಷಕ್ಕೊಂದು ರೈಲು ಬೇಕಾದರೆ 15 ರೈಲುಗಳು ಓಡಬೇಕು. ದುರಸ್ತಿಗೆ ನಿಲ್ಲುವ ರೈಲುಗಳನ್ನು ಇದಕ್ಕೆ ಕೂಡಿಸಿಕೊಳ್ಳಬೇಕು.

ಇಲ್ಲಿ ಇನ್ನೊಂದು ಪಾಠವಿದೆ. ಕಂಬ, ಸೇತುವೆ, ನಿಲ್ದಾಣಗಳು ಸಿದ್ಧವಾದರೂ ರೈಲು ಬಾರದಿದ್ದರೆ ಮಾರ್ಗ ಮುಚ್ಚಿಯೇ ಇರುತ್ತದೆ. ಹಳದಿ ಮಾರ್ಗದ ರೈಲುಗಳ ಗುತ್ತಿಗೆ 2019ರಲ್ಲೇ ಚೀನಾದ ಕಂಪನಿಯೊಂದಕ್ಕೆ ದೊರೆತಿದ್ದರೂ, ಮೊದಲ ಚಾಲಕರಹಿತ ರೈಲು ಹಡಗಿನಲ್ಲಿ ಚೆನ್ನೈಗೆ ಬಂದು, ಅಲ್ಲಿಂದ ರಸ್ತೆಯ ಮೂಲಕ ಹೆಬ್ಬಗೋಡಿಯ ಡಿಪೊ ತಲುಪಿದ್ದು 2024ರ ಫೆಬ್ರವರಿಯಲ್ಲಿ. ಬಂದ ಮೇಲೂ ಬ್ರೇಕು, ಸಂಕೇತ ವ್ಯವಸ್ಥೆ, ವೇಗ ಇವೆಲ್ಲದರ ಪರೀಕ್ಷೆ ಮುಗಿದು, ಸುರಕ್ಷತಾ ಆಯುಕ್ತರು ಒಪ್ಪಿದ ಬಳಿಕವೇ ಜನರನ್ನು ಹತ್ತಿಸಬಹುದು.

ದೂರದೃಷ್ಟಿಗೂ ಒಂದು ಉದಾಹರಣೆ ಅದೇ ನಗರದಲ್ಲಿದೆ. ನಮ್ಮ ಮೆಟ್ರೋ 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಮೊದಲು ಓಡಿದಾಗ ಪ್ರತಿ ರೈಲಿಗೂ ಮೂರು ಬೋಗಿಗಳು. ಆದರೆ ಪ್ಲಾಟ್‌ಫಾರಂಗಳನ್ನು ಆರು ಬೋಗಿಗಳ ಅಳತೆಗೆ ಕಟ್ಟಲಾಗಿತ್ತು. 2018ರಲ್ಲಿ ಆರು ಬೋಗಿಗಳ ರೈಲು ಬಂದಾಗ ನಿಲ್ದಾಣಗಳನ್ನು ಒಡೆದು ಕಟ್ಟುವ ಪ್ರಮೇಯ ಬರಲಿಲ್ಲ. ಶಾಲೆ ಕಟ್ಟುವವರೂ ಮುಂದಿನ ತರಗತಿಗಳಿಗೆ ಜಾಗ ಬಿಟ್ಟೇ ತಳಪಾಯ ಹಾಕುವರಲ್ಲವೆ?

3. ದಾರಿ ತೋರುವ ಕಲೆ

ಪ್ರಯಾಣಿಕನ ಪ್ರಶ್ನೆಗಳು ನಾಲ್ಕೇ: ನಾನೀಗ ಎಲ್ಲಿದ್ದೇನೆ? ಈ ರೈಲು ಯಾವ ಕಡೆಗೆ ಹೋಗುತ್ತದೆ? ಎಲ್ಲಿ ಇಳಿದು ಬದಲಾಯಿಸಬೇಕು? ಯಾವ ಬದಿಯ ಬಾಗಿಲು ತೆರೆಯುತ್ತದೆ? ಇವಕ್ಕೆ ಕೇಳುವ ಮೊದಲೇ ಉತ್ತರ ಸಿಗಬೇಕು.

ಲಂಡನ್ನಿನ ಹ್ಯಾರಿ ಬೆಕ್ ಎಂಬ ನಕ್ಷೆಗಾರನು ವಿದ್ಯುತ್ ಮಂಡಲಗಳ ಚಿತ್ರ ಬರೆಯುವ ಕೆಲಸದಲ್ಲಿದ್ದವನು. ಆತ 1931ರಲ್ಲಿ ರೈಲುಮಾರ್ಗಗಳ ಹೊಸ ನಕ್ಷೆಯೊಂದನ್ನು ರಚಿಸಿದನು. ಅಡ್ಡ, ಉದ್ದ, ಓರೆ ಗೆರೆಗಳಷ್ಟೇ. ನಿಜವಾದ ದೂರಕ್ಕೂ ತಿರುವುಗಳಿಗೂ ಅದರಲ್ಲಿ ಸ್ಥಾನವಿಲ್ಲ. ಅಧಿಕಾರಿಗಳು ಮೊದಲು ಅದನ್ನು ತಿರಸ್ಕರಿಸಿದರು. 1933ರಲ್ಲಿ ಮುದ್ರಿಸಿ ಹಂಚಿದಾಗ ಜನರು ಕೂಡಲೇ ಮೆಚ್ಚಿಕೊಂಡರು. ನೆಲದಡಿಯಲ್ಲಿ ಹೋಗುವವನಿಗೆ ಮೇಲಿನ ಬೀದಿಗಳ ಅಂಕುಡೊಂಕು ಬೇಕಿಲ್ಲ. ನಿಲ್ದಾಣಗಳ ಕ್ರಮವೂ ಕೂಡುದಾಣಗಳೂ ತಿಳಿದರೆ ಸಾಕು ಎಂಬುದನ್ನು ಬೆಕ್ ಕಂಡುಕೊಂಡಿದ್ದನು. ಬೇಡವಾದುದನ್ನು ಬಿಡುವುದೂ ಬೋಧನೆಯ ಒಂದು ಭಾಗವೆಂದು ಉಪಾಧ್ಯಾಯರಾದವರು ಬಲ್ಲರು.

ಇದಕ್ಕಿಂತಲೂ ನನ್ನ ಮನಸ್ಸನ್ನು ಮುಟ್ಟಿದ್ದು ಮೆಕ್ಸಿಕೊ ನಗರದ ನಿದರ್ಶನ. ಅಲ್ಲಿ 1969ರಲ್ಲಿ ಮೆಟ್ರೋ ಆರಂಭವಾದಾಗ ಓದು ಬಾರದ ಜನರು ಬಹಳ ಮಂದಿ ಇದ್ದರು. ಅದಕ್ಕಾಗಿ ಪ್ರತಿ ನಿಲ್ದಾಣಕ್ಕೂ ಹೆಸರಿನೊಡನೆ ಒಂದು ಚಿತ್ರವನ್ನು ಕೊಟ್ಟರು. ಚಾಪುಲ್ಟೆಪೆಕ್ ಎಂಬ ನಿಲ್ದಾಣಕ್ಕೆ ಮಿಡತೆಯ ಚಿತ್ರ. ಅಲ್ಲಿನ ಮೂಲನಿವಾಸಿಗಳ ನುಡಿಯಲ್ಲಿ ಆ ಹೆಸರಿನ ಅರ್ಥ ಮಿಡತೆಯ ಬೆಟ್ಟವೆಂದು. ಅಕ್ಷರ ಬಾರದವನೂ ಮಿಡತೆ ಕಂಡಲ್ಲಿ ಇಳಿದುಕೊಂಡನು. ಯಾರನ್ನೂ ಅಂಗಲಾಚದೆ ತನ್ನ ದಾರಿಯನ್ನು ತಾನೇ ಕಂಡುಕೊಳ್ಳುವುದು ಮನುಷ್ಯನ ಮರ್ಯಾದೆಗೆ ಸಂಬಂಧಿಸಿದ ವಿಷಯ.

4. ನುಡಿಯ ಪ್ರಶ್ನೆ

ಬೆಂಗಳೂರಿನ ಮೆಟ್ರೋದಲ್ಲಿ ಕನ್ನಡ, ಇಂಗ್ಲಿಷುಗಳ ಜೊತೆಗೆ ಹಿಂದಿಯ ಫಲಕಗಳೂ ಇದ್ದುದನ್ನು ವಿರೋಧಿಸಿ 2017ರಲ್ಲಿ ಚಳವಳಿ ನಡೆಯಿತು. ರಾಜ್ಯ ಸರ್ಕಾರವೂ ಕೇಂದ್ರಕ್ಕೆ ಪತ್ರ ಬರೆಯಿತು. ಕೊನೆಗೆ ಹಿಂದಿ ಫಲಕಗಳನ್ನು ತೆಗೆಯಲಾಯಿತು. ನಗರಕ್ಕೆ ಬಂದ ಹೊರರಾಜ್ಯದವರಿಗೂ ಅನುಕೂಲವಿರಬೇಕೆಂಬ ವಾದ ಒಂದು ಕಡೆ, ನೆಲದ ನುಡಿಗೆ ಅಗ್ರಸ್ಥಾನ ಬೇಕೆಂಬ ವಾದ ಇನ್ನೊಂದು ಕಡೆ. ಎರಡು ರಾಜ್ಯಗಳ ಗಡಿಯಲ್ಲಿ ಬದುಕುವ ನಮಗೆ ಈ ಎರಡರ ಅರ್ಥವೂ ಆಗುತ್ತದೆ.

ನಮ್ಮ ಹಳ್ಳಿಗಳ ಹಿರಿಯರನ್ನು ನೆನೆಯಿರಿ. ಕನ್ನಡ ಶಾಲೆಯಲ್ಲಿ ನಾಲ್ಕಕ್ಷರ ಕಲಿತ ಅಜ್ಜಿಯೊಬ್ಬರು ಹೃದಯದ ಚಿಕಿತ್ಸೆಗಾಗಿ ಬೊಮ್ಮಸಂದ್ರದಲ್ಲಿ ಮೆಟ್ರೋ ಹತ್ತಿದರೆ, ಜಯದೇವ ಆಸ್ಪತ್ರೆ ಎಂಬ ಫಲಕವನ್ನು ತಾವೇ ಓದಿ ಇಳಿಯಬಲ್ಲರು. ಕಣ್ಣು ಮಂಜಾದವರಿಗೆ ಕನ್ನಡದ ಪ್ರಕಟಣೆ ಕೇಳಿಸುತ್ತದೆ. ನಮ್ಮ ಮೆಟ್ರೋದ ಕನ್ನಡ ಪ್ರಕಟಣೆಗಳಿಗೆ ಧ್ವನಿ ನೀಡಿದವರು ಹೆಸರಾಂತ ನಿರೂಪಕಿ ಅಪರ್ಣಾ. 2024ರ ಜುಲೈಯಲ್ಲಿ ಅವರು ತೀರಿಕೊಂಡಾಗ, ಅವರ ಮುಖವನ್ನು ನೆನೆದವರಷ್ಟೇ ಮಂದಿ ಅವರ ಸ್ಪಷ್ಟವಾದ ಉಚ್ಚಾರವನ್ನೂ ನೆನೆದರು. ಶುದ್ಧವಾಗಿ ಓದುವುದನ್ನು ತರಗತಿಯಲ್ಲಿ ನಾವು ಅಷ್ಟು ಒತ್ತಿ ಹೇಳುತ್ತಿದ್ದುದು ಏಕೆಂಬುದು ಹಳೆಯ ವಿದ್ಯಾರ್ಥಿಗಳಿಗೆ ಈಗ ತಿಳಿದಿರಬಹುದು.

ಬೊಮ್ಮಸಂದ್ರದಿಂದ ಅತ್ತಿಬೆಲೆ ದಾಟಿದರೆ ನಮ್ಮ ಹೊಸೂರು. ಅಲ್ಲಿಯವರೆಗೂ ಮೆಟ್ರೋ ಬರಬೇಕೆಂಬ ಮಾತು ಹಲವು ವರ್ಷಗಳದು. ತಮಿಳುನಾಡಿನ ಕಡೆಯಿಂದ ಅಧ್ಯಯನವೂ ನಡೆದಿದೆ. ಚೆನ್ನೈ ಮೆಟ್ರೋ 25,000 ವೋಲ್ಟಿನ ಮೇಲ್ತಂತಿಯ ಪದ್ಧತಿಯದು, ಬೆಂಗಳೂರಿನದು ಹಳಿಯ ಪಕ್ಕದ ಮೂರನೆಯ ಹಳಿಯಿಂದ 750 ವೋಲ್ಟ್ ಪಡೆಯುವಂಥದು. ಇವೆರಡನ್ನು ಕೂಡಿಸುವುದು ಕಷ್ಟವೆಂಬ ತಾಂತ್ರಿಕ ತೊಡಕು 2025ರಲ್ಲಿ ಚರ್ಚೆಗೆ ಬಂದಿತು. ವಿದ್ಯುತ್ತಿನ ತೊಡಕನ್ನು ಎಂಜಿನಿಯರುಗಳು ಬಿಡಿಸಲಿ. ಫಲಕದ ವಿಷಯದಲ್ಲಿ ಮಾತ್ರ ನಾವೂ ಮಾತಾಡಬೇಕು. ತಮಿಳುನಾಡಿನ ನೆಲದಲ್ಲಿ ತಮಿಳು ಮೊದಲಿರುವುದು ನ್ಯಾಯ. ಬೆಂಗಳೂರಿನಲ್ಲಿ ಕನ್ನಡಕ್ಕೆ ನಾವು ಬಯಸುವುದೂ ಅದನ್ನೇ. ಆದರೆ ಅದೇ ರೈಲನ್ನು ಹತ್ತುವ ಕನ್ನಡ ಮನೆಗಳ ಹಿರಿಯರಿಗಾಗಿ ಕನ್ನಡದ ಸಾಲೂ ಇರಲಿ. 2006ರ ಕಾಯ್ದೆಯ ಬಳಿಕ ನಮ್ಮ ಮಕ್ಕಳು ಶಾಲೆಯಲ್ಲಿ ತಮಿಳನ್ನೂ ಕಲಿತು ಎರಡು ಲಿಪಿ ಓದಬಲ್ಲವರಾಗಿದ್ದಾರೆ. ಅವರ ಅಜ್ಜ ಅಜ್ಜಿಯರಿಗೆ ಬರುವುದು ಒಂದೇ ಲಿಪಿ. ಮಾರ್ಗ ಸಿದ್ಧವಾದ ಮೇಲೆ ಮನವಿ ಕೊಡುವುದಕ್ಕಿಂತ, ಯೋಜನೆಯ ಕಾಗದ ಬರೆಯುವಾಗಲೇ ಕೇಳುವುದು ಲೇಸು. ಆರು ಬೋಗಿಗೆ ಪ್ಲಾಟ್‌ಫಾರಂ ಕಟ್ಟಿದವರಂತೆ, ಫಲಕದಲ್ಲೂ ಮೊದಲೇ ಜಾಗ ಬಿಡಿಸಿಕೊಳ್ಳಬೇಕು. ಈ ಹೊಣೆಯನ್ನು ನಮ್ಮ ಹಳೆಯ ವಿದ್ಯಾರ್ಥಿ ಸಂಘದವರು ಹೊರಬೇಕೆಂಬುದು ನನ್ನ ವಿನಂತಿ.

5. ಮನೆಯಲ್ಲಿ ಮಕ್ಕಳೊಡನೆ ಮಾಡಬಹುದಾದ ಅಭ್ಯಾಸ

1. ಒಂದು ಸುತ್ತಿಗೆ 75 ನಿಮಿಷ ಬೇಕು. ಹತ್ತು ನಿಮಿಷಕ್ಕೊಂದು ರೈಲು ಬಿಡಲು ಎಷ್ಟು ರೈಲು ಬೇಕು? ಅರ್ಧ ರೈಲು ಓಡದೆಂಬುದನ್ನು ಮರೆಯಬಾರದು.

2. ನಿಮ್ಮ ಊರಿನಿಂದ ಶಾಲೆಯವರೆಗಿನ ಬಸ್ಸಿನ ದಾರಿಯನ್ನು ಅಡ್ಡ, ಉದ್ದ, ಓರೆ ಗೆರೆಗಳಿಂದಲೇ ಬರೆಯಿರಿ.

3. ಆ ದಾರಿಯ ಪ್ರತಿ ನಿಲುಗಡೆಗೂ ಅಕ್ಷರವಿಲ್ಲದ ಒಂದೊಂದು ಚಿತ್ರವನ್ನು ಆರಿಸಿರಿ. ಹುಣಸೆಮರವೋ, ಕೆರೆಯ ಏರಿಯೋ, ಗುಡಿಯ ಗೋಪುರವೋ ಆಗಬಹುದು.

4. ನಿಮ್ಮ ಅಜ್ಜ ಅಜ್ಜಿಯರೊಡನೆ ಪೇಟೆಗೆ ಹೋಗಿ, ಅವರು ತಾವಾಗಿಯೇ ಓದಬಲ್ಲ ಫಲಕಗಳು ಎಷ್ಟೆಂದು ಎಣಿಸಿರಿ. ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. ಮನವಿ ಬರೆಯುವ ದಿನ ಅದು ಬೇಕಾಗುತ್ತದೆ.